ಇನ್‌ಸ್ಟಾಗ್ರಾಂ ನೋಡಿ ಕೆಲಸಕ್ಕೆ ಜನರನ್ನು ಆರಿಸಬಹುದಾ?

ಹಾಸನದಲ್ಲಿ ಹೊಸ ಹೋಟೆಲ್ ಶುರು ಮಾಡುತ್ತಿದ್ದೇನೆ, ಕೆಲಸದವರನ್ನು ಫೇಸ್‌ಬುಕ್, ವಾಟ್ಸ್‌ಆ್ಯಪ್‌ನಲ್ಲಿ ಹುಡುಕಬಹುದಾ, ಬಂದವರ ಅಕೌಂಟ್ ನೋಡಿ ಎಂಥವರು ಅಂತ ತಿಳಿಯಬಹುದಾ ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಕೈಮರದ ಕಡೆ ಒಂದು ರೆಸಾರ್ಟ್ ನೋಡಿಕೊಳ್ಳುತ್ತೇನೆ. ಅಡುಗೆಯವರಿಂದ ಹಿಡಿದು ಜೀಪ್ ಡ್ರೈವರ್‌ವರೆಗೆ ಎಲ್ಲರನ್ನೂ ಕೆಲಸಕ್ಕೆ ತೆಗೆದುಕೊಳ್ಳುವುದು ನಾನೇ. ಹುಡುಕುವುದಕ್ಕೆ ಧಾರಾಳವಾಗಿ ಬಳಸಿ. ಆದರೆ ಅಕೌಂಟ್ ನೋಡಿ ಯಾರನ್ನೂ ಬೇಡ ಅನ್ನಬೇಡಿ. ನಾನು ಹಾಗೆ ಮಾಡಿ ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ್ದೇನೆ.

ಸರ್ವಿಸ್ ಕೆಲಸ ಕೇಳಿಕೊಂಡು ಮೂಡಿಗೆರೆ ಕಡೆಯಿಂದ ಬಂದಿದ್ದ. ಮಾತು ಕಡಿಮೆ, ನಡವಳಿಕೆ ಚೆನ್ನಾಗಿತ್ತು. ನಾಳೆ ಫೋನ್ ಮಾಡ್ತೀನಿ ಅಂತ ಕಳಿಸಿದೆ. ರಾತ್ರಿ ಸುಮ್ನೆ ಅವನ ಹೆಸರು ಹಾಕಿ ಇನ್‌ಸ್ಟಾಗ್ರಾಂನಲ್ಲಿ ಹುಡುಕಿದೆ. ಅದೇ ಹೆಸರು, ಅದೇ ಊರು. ಡಿಪಿಯಲ್ಲಿ ಸಿನಿಮಾ ನಟನ ಫೋಟೊ. ಕೆಳಗೆ ಹೋದರೆ ಝರಿ ಪಕ್ಕ ಬಿಯರ್ ಬಾಟಲಿಗಳು, ಯಾರನ್ನೋ ಬೈದು ಹಾಕಿದ ರೀಲ್ಸ್. ನಾನು ಫೋನ್ ಮಾಡಲೇ ಇಲ್ಲ.

ಎರಡು ತಿಂಗಳಾದ ಮೇಲೆ ಪರಿಚಯದವರ ಹೋಮ್‌ಸ್ಟೇಗೆ ಹೋಗಿದ್ದೆ. ಅಲ್ಲಿ ಬಿಸಿ ಅಕ್ಕಿರೊಟ್ಟಿ ತಂದಿಟ್ಟವನು ಅವನೇ. ಅವರಂತೂ ಅವನನ್ನು ಹೊಗಳಿದ್ದೇ ಹೊಗಳಿದ್ದು. ತಡೆಯಲಾಗದೆ ಕೇಳಿಯೇಬಿಟ್ಟೆ. "ನಾನು ಇನ್‌ಸ್ಟಾಗ್ರಾಂನಲ್ಲೇ ಇಲ್ಲ ಸಾರ್, ಅವನು ನಮ್ಮೂರಲ್ಲಿ ಇನ್ನೊಬ್ಬ" ಅಂದ. "ನೀವು ಫೋನ್ ಮಾಡ್ತೀರ ಅಂತ ಒಂದು ವಾರ ಕಾದೆ" ಅಂತಲೂ ಅಂದ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಕಡೆ ಒಂದೇ ಹೆಸರಿನ ಗೌಡರು ಊರಿಗೆ ಎಷ್ಟು ಜನ ಇರುತ್ತಾರೆ ಅಂತ ನಿಮಗೂ ಗೊತ್ತಲ್ವಾ?

ಸರಿಯಾದ ಅಕೌಂಟೇ ಸಿಕ್ಕರೂ ತೊಂದರೆ ತಪ್ಪುವುದಿಲ್ಲ. ಮದುವೆ ಫೋಟೊದಲ್ಲಿ ಜಾತಿ ಗೊತ್ತಾಗುತ್ತದೆ. ಸೀಮಂತದ ಫೋಟೊದಲ್ಲಿ ಹೆಣ್ಣುಮಗಳು ಬಸುರಿ ಅಂತ ಗೊತ್ತಾಗುತ್ತದೆ. ಯಾವ ಪಕ್ಷದ ಕಡೆ ಅನ್ನುವುದೂ ತಿಳಿಯುತ್ತದೆ. ಎದುರು ಕೂತಾಗ ಕೇಳಬಾರದ್ದೆಲ್ಲ ಕೇಳದೆಯೇ ತಿಳಿದುಬಿಡುತ್ತದೆ. ತಿಳಿದ ಮೇಲೆ ಅದನ್ನು ಮನಸ್ಸಿಗೆ ಹಾಕಿಕೊಂಡಿಲ್ಲ ಅಂತ ಯಾರು ಹೇಳಿದರೂ ನಾನು ನಂಬುವುದಿಲ್ಲ.

ಕಾನೂನಿನ ಮಾತು. ಎಲ್ಲರಿಗೂ ಕಾಣುವಂತೆ ತಾವೇ ಹಾಕಿಕೊಂಡ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಂತ ಪಾಸ್‌ವರ್ಡ್ ಕೇಳುವುದು, ಎದುರಿಗೇ ಫೋನ್ ತೆಗೆಸಿ ನೋಡುವುದು ಖಂಡಿತ ಬೇಡ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಟ್ಟಾಗಿ ಹೇಳಿದ್ದಾರೆ. ಆ ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಇನ್ನು ಜನ ಸಿಗುವುದು ಹೇಗೆ? ಅಕೌಂಟೆಂಟ್, ಮ್ಯಾನೇಜರ್ ಬೇಕಾದರೆ ಲಿಂಕ್ಡ್‌ಇನ್ ನೋಡಿ. ಉಳಿದ ಕೆಲಸಕ್ಕೆ ಈಗ ಇರುವ ಹುಡುಗರ ವಾಟ್ಸ್‌ಆ್ಯಪ್ ಸ್ಟೇಟಸ್‌ನಷ್ಟು ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಮೊದಲು ನಾನು "ಆಕರ್ಷಕ ಸಂಬಳ" ಅಂತ ಹಾಕುತ್ತಿದ್ದೆ. ದಿನವಿಡೀ ಸಂಬಳ ಎಷ್ಟು ಅಂತ ಕೇಳುವ ಫೋನೇ. ಈಗ ಸಂಬಳ ಇಷ್ಟು, ಊಟ ರೂಮು ನಮ್ಮದು, ಶನಿವಾರ ಭಾನುವಾರ ರಜೆ ಇಲ್ಲ, ವಾರದ ಮಧ್ಯೆ ಒಂದು ದಿನ ರಜೆ ಅಂತ ಬಿಡಿಸಿ ಬರೆಯುತ್ತೇನೆ. ಫೋನ್ ಕಡಿಮೆಯಾಯಿತು, ಬಂದವರು ನಿಲ್ಲುತ್ತಿದ್ದಾರೆ. ಕಾಫಿ ಕೊಯ್ಲಿನ ಸಮಯದಲ್ಲಿ ಊರಿಗೆ ಹೋಗಬೇಕಾ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ನಮ್ಮ ಪೋಸ್ಟರಿಗೆ ಯಾರೋ ತಮ್ಮ ನಂಬರ್ ಹಾಕಿಕೊಂಡು ರಿಜಿಸ್ಟ್ರೇಷನ್ ಫೀಸ್ ಅಂತ ದುಡ್ಡು ಎತ್ತಿದ್ದರು. ಅರಸೀಕೆರೆಯ ಹುಡುಗನೊಬ್ಬ 1,500 ರೂಪಾಯಿ ಕಟ್ಟಿ, ಬ್ಯಾಗ್ ಹಿಡಿದು ನಮ್ಮ ಗೇಟಿನ ಹತ್ತಿರ ನಿಂತಿದ್ದ. ಅದಕ್ಕೇ "ಯಾರಿಗೂ ಹಣ ಕೊಡಬೇಡಿ" ಅಂತ ಪೋಸ್ಟರಿನಲ್ಲೇ ದೊಡ್ಡದಾಗಿ ಬರೆಯಿರಿ. ಹೀಗೆ ಮೋಸ ಹೋದವರು ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನಮ್ಮೂರವರಿಗೆ ಮರೆಯುವ ನಂಬರಲ್ಲ, ಮುಳ್ಳಯ್ಯನಗಿರಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಮೀಟರ್.

ಆರಿಸುವಾಗ ಕೆಲಸವನ್ನೇ ನೋಡಿ. ಅಡುಗೆಯವರಿಂದ ಒಂದು ಹೊತ್ತಿನ ಅಡುಗೆ ಮಾಡಿಸಿ, ಆ ದಿನದ ಕೂಲಿ ಕೊಡಿ. ಡ್ರೈವರ್ ಆದರೆ ಲೈಸೆನ್ಸ್ ನೋಡಿ, ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ. ನಿಮ್ಮ ಹೋಟೆಲಿನ ಇನ್‌ಸ್ಟಾಗ್ರಾಂ ಪೇಜ್ ನಡೆಸುವವರು ಬೇಕಾದರೆ ಮಾತ್ರ ಅವರ ಪೇಜ್ ನೋಡಿ. ಅದನ್ನೂ ಅವರೇ ತೆಗೆದು ತೋರಿಸಲಿ.