ಕಿತ್ತ ಮೇಲೆ ಹಚ್ಚಬೇಕಲ್ಲ?

ಪ್ರಶ್ನೆ: ನಮ್ಮೂರ ಗಾಯರಾಣಕ್ಕೆ, ಅಂದರೆ ಗೋಮಾಳಕ್ಕೆ, ಯಾರೋ ತಂತಿ ಬೇಲಿ ಹಾಕಿದ್ದಾರೆ. ದನ ಬಿಡಲು ಜಾಗವಿಲ್ಲ. ಕೇಳೋಣ ಅಂದರೆ ಎಲ್ಲರೂ "ನಮ್ಮಂಥವರಿಂದ ಏನಾಗ್ತದೆ, ಸುಮ್ನಿರು" ಅಂತಾರೆ. ಒಂದು ಹಳ್ಳಿಯಿಂದ ಏನಾದರೂ ಬದಲಾಗುತ್ತದಾ?
– ಒಬ್ಬ ರೈತ, ಹಾನಗಲ್ ತಾಲೂಕು

ಉತ್ತರ: ಯಜಮಾನರೇ, ಹಾನಗಲ್ ಕಡೆಯವರಾಗಿ ಇದನ್ನು ನನಗೆ ಕೇಳುತ್ತೀರಲ್ಲ! ಕುಸನೂರು ನಿಮಗೆ ಎಷ್ಟು ದೂರ? 1980ರ ದಶಕದಲ್ಲಿ ಸರ್ಕಾರ ಮತ್ತು ಹರಿಹರದ ಕಾರ್ಖಾನೆಯೊಂದು ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿದ್ದವು. ನೀಲಗಿರಿ ಬೆಳೆಯಲು ಅದಕ್ಕೆ ಸುಮಾರು 30,000 ಹೆಕ್ಟೇರ್ ಜಮೀನು ಕೊಡುವುದು ಅಂತ ಆಯಿತು. ಯಾವ ಜಮೀನು? ಊರಿನವರು ದನ ಮೇಯಿಸುತ್ತಿದ್ದ, ಕಟ್ಟಿಗೆ ಆರಿಸುತ್ತಿದ್ದ ಜಾಗಗಳೇ. ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತರು. ಕಿತ್ತು ಮನೆಗೆ ಹೋಗಲಿಲ್ಲ ನೋಡಿ, ತಮಗೆ ಬೇಕಾದ ಗಿಡಗಳನ್ನು ತಾವೇ ಹಚ್ಚಿದರು. ಅದಕ್ಕೇ ಆ ಸತ್ಯಾಗ್ರಹಕ್ಕೆ 'ಕಿತ್ತಿಕೋ ಹಚ್ಚಿಕೋ' ಅಂತ ಹೆಸರು ಬಂತು. ಅಷ್ಟರಲ್ಲಾಗಲೇ ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಬಾಗಿಲೂ ತಟ್ಟಿದ್ದರು. 1991ರಲ್ಲಿ ಕಂಪನಿಯೇ ಮುಚ್ಚಿತು. ಬರೀ ಕೋರ್ಟು ಅಂತ ಕೂತಿದ್ದರೆ ಆಗುತ್ತಿರಲಿಲ್ಲ, ಬರೀ ಘೋಷಣೆ ಕೂಗಿದ್ದರೂ ಆಗುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಈಗ ನಿಮ್ಮ ಬೇಲಿಗೆ ಬರೋಣ. ರಾತ್ರಿ ಹೋಗಿ ಕೀಳುವ ಯೋಚನೆ ಇದ್ದರೆ ಬಿಡಿ, ಕೇಸು ನಿಮ್ಮ ಮೇಲೇ ಬೀಳುತ್ತದೆ. ಆ ಸರ್ವೆ ನಂಬರಿನ ಉತಾರ (ಪಹಣಿ) ತೆಗೆಸಿ. ಅದರಲ್ಲಿ ಗಾಯರಾಣ ಅಂತಲೇ ಇದ್ದರೆ, ಅಳತೆ ಮಾಡಿಸಿ ಅಂತ ಹತ್ತು ಜನ ಸಹಿ ಮಾಡಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ನಿಮ್ಮ ನಕಲಿನ ಮೇಲೆ ಶಿಕ್ಕಾ ಹೊಡೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಹತ್ತು ಜನ ಸಿಗಲಿಲ್ಲವಾ, ಐದು ಜನ ಸಾಕು.

ಪ್ರಶ್ನೆ: ಗ್ರಾಮಸಭೆಗೆ ಹೋದರೆ ಸಹಿ ಹಾಕಿಸಿಕೊಂಡು, ಚಹಾ ಕುಡಿಸಿ ಕಳಿಸುತ್ತಾರೆ. ಅಲ್ಲಿಗೆ ಯಾಕಾದರೂ ಹೋಗಬೇಕು?
– ಸ್ವಸಹಾಯ ಸಂಘದ ಸದಸ್ಯೆ, ಗದಗ ಜಿಲ್ಲೆ

ಉತ್ತರ: ಅಕ್ಕಾ, ನಾನೂ ಹಾಗೆ ಸಹಿ ಹಾಕಿ, ಚಹಾ ಕುಡಿದು ಬಂದವನೇ. ಒಂದು ಸಲ ಮಾತ್ರ ಬೇರೆ ನೋಡಿದೆ. ಧಾರವಾಡದ ಹತ್ತಿರದ ಒಂದು ಊರು, ಹೆಸರು ಬೇಡ. ಹನ್ನೊಂದಕ್ಕೆ ಅಂದ ಸಭೆ ಒಂದಕ್ಕೆ ಶುರುವಾಯಿತು. ಅದಕ್ಕೂ ಮೊದಲೇ ನಡಾವಳಿ ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿತ್ತು. ಒಬ್ಬ ಅಜ್ಜಿಯ ಹತ್ತಿರ ಬಂದು ನಿಂತಿತು. ಅಜ್ಜಿ ಸಹಿ ಹಾಕಲಿಲ್ಲ, ಹಾಳೆ ಹಿಂದೆ ತಿರುವಿದರು, ಮುಂದೆ ತಿರುವಿದರು. ಠರಾವು ಬರೆಯಬೇಕಾದ ಹಾಳೆ ಪೂರ್ತಿ ಖಾಲಿ! "ಖಾಲಿ ಹಾಳಿಗೆ ಸಹಿ ಮಾಡಿ ನನ್ನ ಗಂಡ ಎರಡೆಕರೆ ಹೊಲಾ ಕಳಕೊಂಡಾನ. ಮೊದಲ ಬರೀರಿ, ಓದಿ ಹೇಳ್ರಿ, ಆಮ್ಯಾಲೆ ನೋಡೂಣು" ಅಂದವರೇ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಸಾಹೇಬರು ನಕ್ಕರು, ಆಮೇಲೆ ಬೆವರು ಒರೆಸಿಕೊಂಡರು, ಆಮೇಲೆ ಬರೆದರು. ಕೆಳಗಿನ ಓಣಿಯ ಗಟಾರ ಅವತ್ತು ಬರಹಕ್ಕೆ ಬಂತು. ಕೆಲಸವೂ ಆಯಿತು, ಅರ್ಧ. ಉಳಿದರ್ಧಕ್ಕೆ ಅಜ್ಜಿ ಮುಂದಿನ ಸಭೆಗೂ ಬಂದಿದ್ದರಂತೆ.

ನಿಮ್ಮ ಸಂಘದಲ್ಲಿ ಯಾರು ಎಷ್ಟು ತುಂಬಿದರು, ಯಾರದು ಎಷ್ಟು ಬಾಕಿ ಅಂತ ಬಾಯಿಬಿಟ್ಟು ಓದುತ್ತೀರಿ ಅಲ್ವಾ? ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಬಿಡುವುದಿಲ್ಲ. ಪಂಚಾಯಿತಿಯಲ್ಲೂ ಕೇಳಬೇಕಾದ್ದು ಅಷ್ಟೇ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ಕಾಯ್ದೆಯೇ ಹೇಳುತ್ತದೆ, ಅದು ಯಾರ ಉಪಕಾರವೂ ಅಲ್ಲ. ಮತ್ತೆ ನಿಮ್ಮದು ಎಂಥ ಜಿಲ್ಲೆ ಅಂತೀರಿ! ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು 1905ರಲ್ಲಿ, ಗದಗ ಪಕ್ಕದ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ರೈತರನ್ನು ಕೂಡಿಸಿ ಕಟ್ಟಿದ್ದು. ಸಾಮಾನ್ಯ ರೈತನಿಗೆ ಓಟೇ ಇರದ ಕಾಲ ಅದು. ಆಗಲೇ ನಿಮ್ಮ ಕಡೆಯವರು ಕೂತು ಲೆಕ್ಕ ನೋಡುವುದನ್ನು ರೂಢಿ ಮಾಡಿಕೊಂಡಿದ್ದರು.

ಪ್ರಶ್ನೆ: ಮಹದಾಯಿ ನದಿಯ ನೀರಿಗಾಗಿ ಇಷ್ಟು ವರ್ಷ ಹೋರಾಡಿದರೂ ಮಲಪ್ರಭೆಗೆ ನೀರು ಬರಲಿಲ್ಲ. ಇದು ಸೋಲಲ್ವಾ?
– ಕಾಲೇಜು ವಿದ್ಯಾರ್ಥಿ, ನರಗುಂದ

ಉತ್ತರ: ನೀರಿನ ಲೆಕ್ಕದಲ್ಲಿ ಸೋಲೇ ತಮ್ಮಾ, ಸುಳ್ಳು ಸಮಾಧಾನ ಹೇಳಲ್ಲ. ನಿಮ್ಮೂರಲ್ಲಿ ಧರಣಿ ಶುರುವಾಗಿದ್ದು 2015ರ ಜುಲೈಯಲ್ಲಿ. 2018ರಲ್ಲಿ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಆಮೇಲೆ ಗೋವಾದ ತಕರಾರು, ಅರಣ್ಯದ ಅನುಮತಿ ಅಂತ ಎಳೆದದ್ದೇ ಎಳೆದದ್ದು. ಆದರೆ ಕಾಗದದ ಮೇಲಾದರೂ ಒಂದು ಅಂಕಿ ಇದೆ, ಇನ್ನು ಮುಂದೆ ಯಾರೂ "ನಿಮಗೆ ಹಕ್ಕೇ ಇಲ್ಲ" ಅನ್ನುವಂತಿಲ್ಲ. ಪ್ರತಿ ಜುಲೈ 21ಕ್ಕೆ ನಿಮ್ಮೂರಿಗೆ ರಾಜ್ಯದ ಎಲ್ಲೆಲ್ಲಿಂದಲೋ ರೈತರು ಬರುತ್ತಾರಲ್ಲ, 1980ರಲ್ಲಿ ನೀರಿನ ಕರದ ವಿರುದ್ಧ ಎದ್ದು ಗುಂಡು ತಿಂದವರನ್ನು ನೆನೆಯಲು, ಈ ಸಲ ಒಂದು ತಾಸು ಅಲ್ಲಿ ನಿಂತು ಹಿರಿಯರನ್ನು ಮಾತಾಡಿಸು. ನನ್ನ ಉತ್ತರಕ್ಕಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಕಸದ ಫೋಟೋ ಹಾಕಿ ಹಾಕಿ ಸಾಕಾಯಿತು. ಏನೂ ಆಗುತ್ತಿಲ್ಲ.
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಅವಳಿ ನಗರದ ಪಾಲಿಕೆಯಲ್ಲಿ 82 ವಾರ್ಡು. 2019ರಲ್ಲಿ ಅವಧಿ ಮುಗಿದ ಮೇಲೆ 2021ರ ಸೆಪ್ಟೆಂಬರ್‌ವರೆಗೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ, ಆಗ ಎಷ್ಟು ಜನ "ಚುನಾವಣೆ ಯಾವಾಗ" ಅಂತ ಕೇಳಿದೆವು ಹೇಳಿ? ಅದಿರಲಿ. ಫೋಟೋಕ್ಕೆ ಹೆಬ್ಬೆರಳು ತೋರಿಸಿದವರಲ್ಲಿ ಇಬ್ಬರನ್ನು ಕರೆದುಕೊಂಡು ಸೋಮವಾರ ವಾರ್ಡ್ ಆಫೀಸಿಗೆ ಹೋಗಿ ಬರಹದಲ್ಲಿ ಕೊಡಿ. ಕೆಲಸ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ನಮ್ಮ ಓಣಿಗೆ ಕಸದ ಗಾಡಿ ಯಾವ ಯಾವ ದಿನ ಬಂದಿದೆ, ದಾಖಲೆ ಕೊಡಿ. ಖರ್ಚು 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಬರುವಾಗ ಶಿಕ್ಕಾ ಬಿದ್ದ ನಕಲಿನ ಫೋಟೋವನ್ನೂ ಗ್ರೂಪಿಗೆ ಹಾಕಿ.