ಕೆಳಗಿನ ಗದ್ದೆಗೆ ಕೂರಿಗೆ ಯಾಕೆ ಬೇಡ?

ಮಗ ‘ಯಾಕೆ’ ಎಂದು ಕೇಳುತ್ತಾನೆ, ಅಪ್ಪ ತನ್ನ ವಯಸ್ಸು ಹೇಳುತ್ತಾನೆ. ಇದೇ ಜಗಳ ಮದುವೆ, ಬಾಣಂತನ, ಮನೆ ಕಟ್ಟುವುದು ಎಂದು ಬೇರೆ ಬೇರೆ ಹೆಸರಿನಲ್ಲಿ ನನ್ನ ಆಪ್ತಸಲಹೆಯ ಕೋಣೆಗೆ ಬರುತ್ತಲೇ ಇರುತ್ತದೆ. ಈ ಪ್ರಕರಣವನ್ನು ಬರೆಯುತ್ತಿರುವುದು ಇದರಲ್ಲಿ ನಾನೇ ಸಿಕ್ಕಿಬಿದ್ದೆ ಎಂಬ ಕಾರಣಕ್ಕೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸಿಂಧನೂರು ಕಡೆಯ ಕುಟುಂಬ. ತುಂಗಭದ್ರಾ ಎಡದಂಡೆಯ ಉಪಕಾಲುವೆಯೊಂದರ ಕೊನೆಯಲ್ಲಿ ಭತ್ತದ ಗದ್ದೆ, ಮೇಲೊಂದು, ಕೆಳಗೊಂದು. ಅಪ್ಪನಿಗೆ ಅರವತ್ತು ದಾಟಿದೆ. ಮಗ ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಮರಳಿದವನು. ನಾಟಿ ಬಿಟ್ಟು ಕೂರಿಗೆಯಲ್ಲಿ ಬೀಜವನ್ನೇ ನೇರವಾಗಿ ಬಿತ್ತಿದರೆ ಸಸಿಮಡಿಯ ಖರ್ಚು, ನಾಟಿಯ ಕೂಲಿ, ನೀರು ಮೂರೂ ಉಳಿಯುತ್ತವೆ ಎಂಬುದು ಅವನ ವಾದ. ‘ಬೇಡ’ ಎಂಬುದು ಅಪ್ಪನ ಉತ್ತರ. ಆರು ತಿಂಗಳಿಂದ ಇಬ್ಬರೂ ಒಟ್ಟಿಗೆ ಕುಳಿತು ಉಂಡಿಲ್ಲ, ಮಗನಿಗೆ ರಾತ್ರಿ ನಿದ್ದೆಯಿಲ್ಲ. ಕರೆತಂದವರು ತಾಯಿ.

“ನಲವತ್ತು ವರ್ಷ ಆ ಕೆಸರು ತುಳಿದಿದ್ದೇನೆ. ನಿನ್ನೆ ಓದಿ ಬಂದವನಿಗೆ ನಾನು ಲೆಕ್ಕ ಒಪ್ಪಿಸಬೇಕೇ?” ಯಜಮಾನರ ಈ ಮಾತು ಮೊದಲ ಭೇಟಿಯಲ್ಲಿ ನಾಲ್ಕು ಬಾರಿ ಬಂತು.

ನನಗೆ ಒಳಗೊಳಗೇ ಸಿಟ್ಟು. ಆ ಸೀಮೆಯಲ್ಲಿ ಭತ್ತವೇ ಅಷ್ಟು ಹಳೆಯದಲ್ಲ. ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದಕ್ಕೂ ಮೊದಲು ಅಲ್ಲಿ ಜೋಳ, ಹತ್ತಿ. ಕಾಲುವೆ ಬಂದ ಮೇಲೂ ಎಡದಂಡೆಯ ಬಹುಪಾಲು ಭೂಮಿಗೆ ಗೊತ್ತುಪಡಿಸಿದ್ದು ಕಡಿಮೆ ನೀರಿನ ಬೆಳೆಗಳನ್ನೇ. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರನ್ನು ನೋಡಿ ನಮ್ಮವರೂ ಭತ್ತಕ್ಕೆ ಇಳಿದರು. ಮೇಲಿನವರೆಲ್ಲ ಭತ್ತ ಹಾಕಿದ್ದರಿಂದ ಕೊನೆಯವರಿಗೆ ನೀರು ಸಾಲದಾಯಿತು. “ನೀವು ನಿಮ್ಮ ತಂದೆಯವರ ಜೋಳದ ಅನುಭವಕ್ಕೆ ತಲೆಬಾಗಿದ್ದರೆ ಇಂದು ಗದ್ದೆಯೇ ಇರುತ್ತಿರಲಿಲ್ಲ” ಎಂದು ಎರಡನೆಯ ಭೇಟಿಯಲ್ಲಿ ಹೇಳಿಯೂಬಿಟ್ಟೆ. ಆಪ್ತಸಲಹೆಗೆ ಕುಳಿತವಳು ವಾದ ಗೆಲ್ಲಲು ಹೊರಟಿದ್ದೆ. ಅವರು ಸಾವಕಾಶವಾಗಿ ಕೇಳಿದರು:

“ಹತ್ತೊಂಬತ್ತನೇ ಗೇಟು ಕೊಚ್ಚಿಕೊಂಡು ಹೋದಾಗ ಯಾರನ್ನು ಕರೆಸಿದರು ಮೇಡಂ? ವಯಸ್ಸಾದವರನ್ನೇ ಅಲ್ಲವೇ?”

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ತುಂಗಭದ್ರಾ ಅಣೆಕಟ್ಟಿನ ಆ ಗೇಟು ಹೋದದ್ದು, ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಮುಂದೆ ನಿಂತು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿದ್ದು ಈ ಭಾಗದ ಪ್ರತಿಯೊಬ್ಬ ರೈತನಿಗೂ ಗೊತ್ತು. “ಅವರ ನರೆಗೂದಲು ನೋಡಿ ನೀರು ನಿಲ್ಲಲಿಲ್ಲ, ಅಳತೆ ಹಾಕಿ ಮಾಡಿದ್ದಕ್ಕೆ ನಿಂತಿತು” ಎಂದೆ.

“ಅಳತೆ ಯಾರಾದರೂ ಹಾಕುತ್ತಾರೆ. ಯಾವುದನ್ನು ಅಳೆಯಬೇಕೆಂದು ಗೊತ್ತಾಗಲು ವಯಸ್ಸಾಗಬೇಕು.”

ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮೂರನೆಯ ಭೇಟಿಯ ಕೊನೆಗೆ, ಇನ್ನೆರಡು ಬಾರಿ ಅಪ್ಪ ಮಗ ಬೇರೆ ಬೇರೆಯಾಗಿ ಬರಬೇಕು ಎಂದೆ. ರಾಯಚೂರಿಗೆ ಬಂದು ಹೋದರೆ ಒಂದು ದಿನದ ಕೆಲಸ ಕೆಡುತ್ತದೆ, “ಯಾಕೆ?” ಎಂದು ಅವರು ಕೇಳಿದ್ದು ನ್ಯಾಯವೇ. “ನಂಬಿ ಯಜಮಾನರೇ, ಹದಿನೇಳು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ” ಎಂದೆ.

ಮಗ ತಲೆ ತಗ್ಗಿಸಿ ನಕ್ಕ. ಅಪ್ಪ ನಗಲಿಲ್ಲ. “ಇದೇ ಮಾತು ನಾನು ಆಡಿದರೆ ಹಟ, ನೀವು ಆಡಿದರೆ ಸಲಹೆಯೇ?”

ಮುಖ ಬಿಸಿಯಾಯಿತು. ಕಾರಣ ನನ್ನಲ್ಲಿ ಇಲ್ಲದಿರಲಿಲ್ಲ, ಹೇಳಲು ಸಂಕೋಚವಿತ್ತು. ಈಗ ಹೇಳಲೇಬೇಕಾಯಿತು: “ಮೂರು ಭೇಟಿಯಲ್ಲೂ ನಿಮ್ಮ ಮಗ ಮೊದಲು ಮಾತಾಡಿದ, ನೀವು ನಿಮ್ಮ ಕಾರಣ ಹೇಳಲೇ ಇಲ್ಲ. ನಾನು ಅವನ ಕಡೆ ವಾಲಿದೆ. ನನ್ನ ತಪ್ಪು ತಿದ್ದಿಕೊಳ್ಳಲು ನಿಮ್ಮೊಬ್ಬರನ್ನೇ ಕೇಳಬೇಕಾಗಿದೆ.”

ಅವರು ಸ್ವಲ್ಪ ಹೊತ್ತು ಟವೆಲ್ಲಿನ ಅಂಚು ಮಡಿಸುತ್ತಾ ಕುಳಿತರು. ಆಮೇಲೆ, ಯಾರೂ ಕೇಳದೆಯೇ, ಕೆಳಗಿನ ಗದ್ದೆಯ ಮಾತು ತೆಗೆದರು. ಮಗ ಮೂರು ವರ್ಷದವನಿದ್ದಾಗ ಒಮ್ಮೆ ಆಳು ಸಿಗದೆ ಅವರೂ ಕೂರಿಗೆ ಹೂಡಿದ್ದರಂತೆ. ಬಿತ್ತಿದ ಮೂರನೆಯ ರಾತ್ರಿ ಕಾಲುವೆಯ ಮೇಲ್ಗಡೆಯ ಬೇರೆ ರೈತರು ಹೆಚ್ಚಾದ ನೀರನ್ನು ಇವರತ್ತ ಹರಿಸಿದರು. ಬೀಜವೆಲ್ಲ ನೀರಿನಡಿ ಕೊಳೆಯಿತು. ಅವರಿವರ ಮಡಿಯಲ್ಲಿ ಉಳಿದ ಸಸಿ ತಂದು ನಾಟಿ ಮಾಡಿದರೂ ಬೆಳೆ ಕೈಗೆ ಹತ್ತಲಿಲ್ಲ. ಹೆಂಡತಿಯ ಬಂಗಾರ ಅಡವು ಹೋಯಿತು, ಮರಳಲಿಲ್ಲ.

“ಇದನ್ನು ನನಗೆ ಯಾಕೆ ಹೇಳಲಿಲ್ಲ ಅಪ್ಪ?” ಎಂದ ಮಗ.

“ಏನೆಂದು ಹೇಳಲಿ? ನಿನ್ನವ್ವನ ಬಂಗಾರ ಕಳೆದೆ ಎಂದೇ?”

ತಾಯಿ ಗೋಡೆ ನೋಡುತ್ತಿದ್ದರು.

ಅಂದಿನಿಂದ ನನ್ನ ತಿಳಿವಳಿಕೆ ಬದಲಾಗಿದೆ. ಹಿರಿಯರು ವಯಸ್ಸನ್ನು ಮುಂದಿಟ್ಟರೆ ಕಾರಣ ಇಲ್ಲವೆಂದೇ ಎಣಿಸುತ್ತಿದ್ದೆ. ಎಷ್ಟೋ ಸಲ ಕಾರಣ ಇರುತ್ತದೆ, ಅದೊಂದು ಸೋಲಾಗಿರುತ್ತದೆ. ನಲವತ್ತು ವರ್ಷ ಎಂದರೆ ಗೌರವ ಉಳಿಯುತ್ತದೆ, ಆ ಒಂದು ವರ್ಷದ ಕತೆ ಹೇಳಿದರೆ ಹೋಗುತ್ತದೆ ಎಂಬ ಭಯ. ಹಾಗೆಂದು ಹೇಳದ ಕಾರಣಕ್ಕೆ ಮಗ ತಲೆಬಾಗಬೇಕೆಂದು ನಾನು ಒಪ್ಪುವುದಿಲ್ಲ. ಅಂದು ಆ ಮಾತು ಅಪ್ಪನ ಬಾಯಿಂದ ಬೀಳುವವರೆಗೂ, ನೀರು ನಿಲ್ಲುವುದೇ ಇಲ್ಲದ ತಮ್ಮ ಮೇಲಿನ ಗದ್ದೆಗೂ ಅವರಿಗೆ ಕೂರಿಗೆ ಬೇಡವಾಗಿತ್ತು.

ಕೊಟ್ಟ ಸಲಹೆ ಇಷ್ಟು. ಮಗ ‘ಯಾಕೆ’ ಎನ್ನುವುದನ್ನು ಬಿಟ್ಟು ‘ಯಾವ ವರ್ಷ, ಯಾವ ಗದ್ದೆ, ಏನಾಯಿತು’ ಎಂದು ಕೇಳಬೇಕು. ‘ಯಾಕೆ’ ಎಂಬುದು ಅಪ್ಪನಿಗೆ ಕಟಕಟೆಯ ಪ್ರಶ್ನೆಯಂತೆ ಕೇಳಿಸುತ್ತದೆ, ‘ಯಾವ ವರ್ಷ’ ಎಂದರೆ ನೆನಪು ಬಿಚ್ಚಿಕೊಳ್ಳುತ್ತದೆ. ಅಪ್ಪನಿಗೆ ವರ್ಷ ನೆನಪಿಗೆ ಬಾರದಿದ್ದರೆ ಅದು ಅನುಭವವಲ್ಲ, ರೂಢಿ. ಅದನ್ನು ಪ್ರಶ್ನಿಸಲು ಮಗನಿಗೆ ಹಕ್ಕುಂಟು. ಹಿರಿಯರನ್ನು ಕಿರಿಯರ ಮುಂದೆ ವಿಚಾರಣೆಗೆ ನಿಲ್ಲಿಸಿದೆ ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಆ ಗದ್ದೆಯನ್ನು ನಾಳೆ ಉಳುವವನು ಮಗ. ಕತೆ ಗೊತ್ತಿಲ್ಲದಿದ್ದರೆ ಅದೇ ರಾತ್ರಿ, ಅದೇ ನೀರು ಅವನ ಪಾಲಿಗೂ ಬರುತ್ತದೆ. ಬೇಸಾಯದ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಅದಕ್ಕೆ ಕೃಷಿ ವಿಶ್ವವಿದ್ಯಾಲಯಕ್ಕೆ ಇಬ್ಬರೂ ಒಟ್ಟಿಗೆ ಹೋಗಿ ಬನ್ನಿ ಎಂದೆ.

ಆ ಮುಂಗಾರಿಗೆ ಮೇಲೆ ಕೂರಿಗೆ, ಕೆಳಗೆ ನಾಟಿ. ಮೇಲಿನ ಗದ್ದೆಯಲ್ಲಿ ಕಳೆ ವಿಪರೀತ ಬಂತು. ಅಪ್ಪ ಆಡಿಕೊಳ್ಳಲಿಲ್ಲವಂತೆ, ಆಳು ಕರೆದು ತೆಗೆಸಿದರಂತೆ. ಯೂರಿಯಾದ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಮಿತಿಮೀರಿ ಸುರಿದರೆ ಕಂದು ಜಿಗಿಹುಳು ಹೆಚ್ಚುತ್ತದೆ ಎಂದು ಮಗ ಹೇಳುತ್ತಾನೆ. “ಹೆಚ್ಚು ಹಾಕಿ ಗೆದ್ದದ್ದು ಯಾವ ವರ್ಷ ಅಪ್ಪ?” ಎಂದು ಅವನು ಕೇಳಿದರೆ ಯಜಮಾನರು ಎಮ್ಮೆಗೆ ನೀರು ಕುಡಿಸಲು ಎದ್ದು ಹೋಗುತ್ತಾರಂತೆ.