ಜಾವೆಲಿನ್‌ನಲ್ಲಿ ನೀರಜ್ ಚೋಪ್ರಾ ಗೊತ್ತು. ಅನ್ನು ರಾಣಿ ಹೊರದೇಶಗಳಲ್ಲಿ ಏನು ಗೆದ್ದಿದ್ದಾರೆ?

ನಮ್ಮ ಭಾಲ್ಕಿ ಕಡೆ ಹುಡುಗರು ಕಬ್ಬಿನ ಜಲ್ಲೆ ಮುರಿದು ತಿನ್ನುತ್ತಾರೆ. ಮೀರತ್ ಜಿಲ್ಲೆಯ ಬಹಾದುರ್‌ಪುರದ ಅನ್ನು ರಾಣಿ ಅದನ್ನೇ ಈಟಿ ಮಾಡಿಕೊಂಡು ಎಸೆದು ಕಲಿತವರು.

2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. 2019ರಲ್ಲಿ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ತಲುಪಿ 8ನೆಯವರಾದರು. ಅದುವರೆಗೆ ಭಾರತದ ಯಾವ ಜಾವೆಲಿನ್ ಹುಡುಗಿಯೂ ಅಲ್ಲಿಗೆ ಮುಟ್ಟಿರಲಿಲ್ಲ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಸರಿಯಾಗಿ 60 ಮೀಟರ್ ಎಸೆದು ಮತ್ತೆ ಕಂಚು.

ನನಗೆ ಜಾಸ್ತಿ ಇಷ್ಟವಾಗಿದ್ದು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್. ಆ ವರ್ಷ ಫಾರ್ಮ್ ಚೆನ್ನಾಗಿರಲಿಲ್ಲ. ಆದರೂ ನಾಲ್ಕನೇ ಎಸೆತ 62.92 ಮೀಟರ್ ಹೋಯ್ತು, ಚಿನ್ನ ಬಂತು!

ಒಲಿಂಪಿಕ್ಸ್ ಮಾತ್ರ ಒಲಿಯಲಿಲ್ಲ. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಅರ್ಹತಾ ಸುತ್ತು ದಾಟಲಿಲ್ಲ. ಅಂದಹಾಗೆ, ನೀರಜ್ ದೂರದ ಜೊತೆ ಸುಮ್ನೆ ಹೋಲಿಸಬೇಡಿ. ಹೆಂಗಸರ ಜಾವೆಲಿನ್ 600 ಗ್ರಾಂ, ಗಂಡಸರದು 800.